ಕಸದ ಜಾಗಕ್ಕೆ ನಕ್ಷೆ ಹಿಡಿದು ಹುಡುಕುವುದು

ಎಲ್ಲರಿಗೂ ನಮಸ್ಕಾರ.

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿತು. ತಗ್ಗಿನಲ್ಲಿದ್ದ ಮಂದಾರ ಎಂಬ ಊರಿನ ಮನೆಗಳು, ಅಡಿಕೆ, ತೆಂಗಿನ ತೋಟಗಳು ಕಸದಡಿ ಹೋದವು. ಇಳಿಜಾರು ಯಾವ ಕಡೆಗಿದೆ, ಕೆಳಗೆ ಯಾರಿದ್ದಾರೆ ಎನ್ನುವುದನ್ನು ಎತ್ತರದ ನಕ್ಷೆ ಮೊದಲೇ ಹೇಳಬಲ್ಲದು. ಕೇಳುವವರು ಬೇಕು, ಅಷ್ಟೇ.

ಕಸ ತುಂಬುವ ಹೊಸ ಜಾಗ ಹುಡುಕುವಾಗ ಮೊದಲು ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಿ. ಗೊಬ್ಬರಕ್ಕೆ, ಮರುಬಳಕೆಗೆ ಹೋಗಿ ದಿನಕ್ಕೆ 100 ಟನ್ ಉಳಿಯಿತೆನ್ನಿ. 20 ವರ್ಷಕ್ಕೆ 7,30,000 ಟನ್. ಘನಮೀಟರಿಗೆ 0.85 ಟನ್‌ನಂತೆ ಅದುಮಿ, ಸರಾಸರಿ 10 ಮೀಟರ್ ಎತ್ತರಕ್ಕೆ ತುಂಬಿದರೆ 8.6 ಹೆಕ್ಟೇರ್. ರಸ್ತೆ, ವೇಬ್ರಿಡ್ಜ್, ಲೀಚೇಟ್ (ಕಸದಿಂದ ಬಸಿಯುವ ಕೊಳೆನೀರು) ಹೊಂಡ ಸೇರಿ 10 ಹೆಕ್ಟೇರ್ ಇಟ್ಟುಕೊಳ್ಳಿ.

ಆಮೇಲೆ ಕಸ ಹಾಕಬಾರದ ಜಾಗಗಳನ್ನು ನಕ್ಷೆಯಿಂದ ಅಳಿಸಬೇಕು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಅಂತರ ಹೀಗಿತ್ತು: ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿ.ಮೀ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಬಫರ್ (ಈ ಅಂತರದ ಪಟ್ಟಿ) ಹಾಕುವಾಗ ನಕ್ಷೆಯ ಪದರ ಅಕ್ಷಾಂಶ-ರೇಖಾಂಶದಲ್ಲೇ ಇದ್ದರೆ ತಂತ್ರಾಂಶ 200ನ್ನು ಡಿಗ್ರಿ ಎಂದು ತಿಳಿಯುತ್ತದೆ. ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಿಸಿ. ಅದರಲ್ಲಿ ಬೆಂಗಳೂರು, ಮಂಗಳೂರು 43ನೇ ವಲಯ. ಕೋಲಾರ ಪಟ್ಟಣ 44.

ದೊಡ್ಡ ಮೋಸ ಆಗುವುದು ಕೆರೆಗಳಲ್ಲಿ. ಏಪ್ರಿಲ್‌ನ ಉಪಗ್ರಹ ಚಿತ್ರದಲ್ಲಿ ಬಯಲುಸೀಮೆಯ ಕೆರೆ ಬರೀ ಬಂಜರಿನಂತೆ ಕಾಣುತ್ತದೆ. ಸಮತಟ್ಟು, ಮನೆಗಳಿಲ್ಲ, ಸರ್ಕಾರಿ ಜಮೀನು. ತಂತ್ರಾಂಶ ಅದಕ್ಕೇ ಹೆಚ್ಚು ಅಂಕ ಕೊಡುತ್ತದೆ! ಆದ್ದರಿಂದ ನವೆಂಬರ್ ಚಿತ್ರವನ್ನೂ ಇಡಿ. ಕೆರೆ ಅಂಗಳ, ರಾಜಕಾಲುವೆಗಳ ಗಡಿಯನ್ನು ಗ್ರಾಮ ನಕ್ಷೆಯಿಂದಲೇ ಎತ್ತಿಕೊಳ್ಳಿ. ಅಂತರ್ಜಲಕ್ಕೂ ಇದೇ ಮಾತು. ಕೊಳೆನೀರು ಇಳಿಯದಂತೆ ಕಸದಡಿ ಹಾಸುವ ಹೊದಿಕೆಯ ತಳ ಅಂತರ್ಜಲದ ಮಟ್ಟಕ್ಕಿಂತ 2 ಮೀಟರ್ ಮೇಲಿರಬೇಕು. ಆ ಮಟ್ಟ ವರ್ಷದ ಅತಿ ಮೇಲಿನದು, ಬೇಸಿಗೆಯದಲ್ಲ.

ಉಳಿದ ಜಾಗಕ್ಕೆ ಇಳಿಜಾರು, ಮಣ್ಣು, ರಸ್ತೆಯ ದೂರಕ್ಕೆ ತೂಕ ಕೊಟ್ಟು ಅಂಕ ಕೂಡಿಸುತ್ತೇವೆ. ಎಎಚ್‌ಪಿ (ಅಂಶಗಳನ್ನು ಎರಡೆರಡಾಗಿ ಹೋಲಿಸಿ ತೂಕ ನಿರ್ಧರಿಸುವ) ವಿಧಾನದಲ್ಲಿ ಹೋಲಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತೋರಿಸುವ ಸುಸಂಗತಿ ಅನುಪಾತ 0.10 ದಾಟಿದರೆ ಹೋಲಿಕೆಗಳನ್ನು ಮತ್ತೆ ಮಾಡಬೇಕು. ನಿಷೇಧಿತ ಜಾಗವನ್ನು ಮಾತ್ರ ಅಂಕಕ್ಕೆ ಬಿಡಬೇಡಿ, ಸೊನ್ನೆಯಿಂದ ಗುಣಿಸಿ. ಇಲ್ಲದಿದ್ದರೆ ಒಳ್ಳೆಯ ರಸ್ತೆಯ ಅಂಕ ಬಾವಿಯ ಪಕ್ಕದ ಜಾಗವನ್ನೂ ಗೆಲ್ಲಿಸಿಬಿಡುತ್ತದೆ. 30 ಮೀಟರ್ ಚೌಕಗಳ ನಕ್ಷೆಯಲ್ಲಿ 10 ಹೆಕ್ಟೇರ್ ಎಂದರೆ ಸುಮಾರು 111 ಚೌಕ. ಅದಕ್ಕಿಂತ ಚಿಕ್ಕ ತುಂಡುಗಳನ್ನು ಕೈಬಿಡಿ. ಕರಾವಳಿಯಲ್ಲಿ ಇನ್ನೊಂದು ತೊಡಕು: ಕಾರ್ಟೋಡೆಮ್‌ನಂಥ ಎತ್ತರದ ದತ್ತಾಂಶ ತೆಂಗಿನ ತಲೆಯನ್ನೇ ನೆಲವೆಂದು ಎಣಿಸುವುದರಿಂದ ತೋಟದ ಅಂಚಿನಲ್ಲಿ ಇಳಿಜಾರು ತಪ್ಪಾಗಿ ಬರುತ್ತದೆ. ಅಲ್ಲಿ ಲೆವೆಲಿಂಗ್, ಅಂದರೆ ನೆಲದ ಎತ್ತರವನ್ನು ಸ್ಥಳದಲ್ಲೇ ಅಳೆಯುವ ಕೆಲಸ, ಮಾಡಿಸಲೇಬೇಕು.

ಕೊನೆಗೆ ಉಳಿದ ಮೂರು ನಾಲ್ಕು ಜಾಗಗಳಲ್ಲಿ ಗುಂಡಿ ತೋಡಿಸಿ ಮಣ್ಣಿನಲ್ಲಿ ನೀರು ಇಂಗುವ ವೇಗ ಅಳೆಯಿರಿ. ಪ್ರತಿ ಜಾಗದ ಅಂಚಿನಿಂದ ನೀರು ಹರಿಯುವ ಗೆರೆಯನ್ನು ಹಳ್ಳದವರೆಗೆ ಎಳೆಯಿರಿ. ಆ ದಾರಿಯಲ್ಲಿರುವ ಪ್ರತಿ ಬಾವಿ, ಬೋರ್‌ವೆಲ್, ಮನೆಯ ಸರ್ವೆ ನಂಬರ್ ವರದಿಯಲ್ಲಿ ಬರಲಿ. ಮೊದಲ ಲಾರಿ ಬರುವ ಮುಂಚೆಯೇ ಆ ಬಾವಿಗಳ ನೀರಿನ ಪರೀಕ್ಷೆ ಆಗಿರಲಿ.