ಕಣ್ಣು ಉಜ್ಜುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ.

ಹದಿನೈದು ಹದಿನಾರರ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಡಾಕ್ಟ್ರೇ, ಹೋದ ವರ್ಷ ತಾನೇ ಕನ್ನಡಕ ಮಾಡಿಸಿದ್ವಿ, ಆಗಲೇ ನಂಬರ್ ಬದಲಾಗಿದೆ. ಎಲ್ಲಾ ಮೊಬೈಲ್‌ದೇ ಕಾಟ." ಮೊಬೈಲ್ ಬೈದು, ಹೊಸ ಕನ್ನಡಕ ಕೊಡಿಸಿ ಸುಮ್ಮನಾಗುತ್ತಾರೆ. ಆ ಮಗುವಿಗೆ ಕೆರಟೋಕೋನಸ್ ಎಂಬ ಕಣ್ಣಿನ ಕಾಯಿಲೆ ಇದ್ದರೆ, ಹಾಗೆ ಕಳೆದ ಒಂದು ವರ್ಷ ತುಂಬಾ ದುಬಾರಿ.

ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಪದರ ಇದೆ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದ್ದೇ. ಇದಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ನಾರು. ಈ ಕಾಯಿಲೆಯಲ್ಲಿ ನಾರಿನ ಹೆಣಿಗೆ ಸಡಿಲವಾಗುತ್ತದೆ. ಪದರ ತೆಳ್ಳಗಾಗಿ, ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತದೆ. ಆಗ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್, ಅಂದರೆ ಕಾರ್ನಿಯಾದ ಓರೆಕೋರೆಯನ್ನು ಸರಿಪಡಿಸುವ ನಂಬರ್, ಏರುತ್ತಾ ಹೋಗುತ್ತದೆ. ರಾತ್ರಿ ಬೀದಿದೀಪಕ್ಕೆ ಬಾಲ ಬಂದ ಹಾಗೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೂ ಅಕ್ಷರದ ಪಕ್ಕ ಇನ್ನೊಂದು ನೆರಳಕ್ಷರ ಇರುತ್ತದೆ.

ಇದು ಕೆಲವು ಮನೆತನಗಳಲ್ಲಿ ಬರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಜಾಸ್ತಿ. ಅವರಿಗೆ ಹೇಳಿಕೊಳ್ಳುವುದು ಕಷ್ಟ, ಆದ್ದರಿಂದ ನಾವೇ ಪರೀಕ್ಷೆ ಮಾಡಿಸಬೇಕು. ಆದರೆ ನಮ್ಮ ಕೈಯಲ್ಲೇ ಇರುವ ಸಂಗತಿ ಒಂದಿದೆ: ಕಣ್ಣು ಉಜ್ಜುವುದು. ಅಲರ್ಜಿ ಇರುವ ಮಕ್ಕಳು ಬೆರಳಿನ ಗೆಣ್ಣಿನಿಂದ ಎಷ್ಟು ಗಟ್ಟಿಯಾಗಿ ಉಜ್ಜುತ್ತಾರೆ, ನೋಡಿದ್ದೀರಲ್ವಾ? ಮೊದಲೇ ಸಡಿಲವಾದ ಹೆಣಿಗೆಯನ್ನು ದಿನಾ ಹಿಸುಕಿದ ಹಾಗೆ ಅದು. ಬೈದರೆ ನಿಲ್ಲುವುದಿಲ್ಲ, ಯಾಕಂದ್ರೆ ತುರಿಕೆ ನಿಜವಾದದ್ದು. ತಣ್ಣೀರಿನ ಬಟ್ಟೆ ಇಡಿ. ಡಾಕ್ಟರ್ ಬರೆದುಕೊಟ್ಟ ಅಲರ್ಜಿ ಡ್ರಾಪ್ಸ್ ಹಾಕಿ. ದಯವಿಟ್ಟು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಬೇಡಿ. ತುರಿಕೆ ತಕ್ಷಣ ನಿಲ್ಲಬಹುದು, ಆದರೆ ಕಣ್ಣಿನೊಳಗೆ ಒತ್ತಡ ಏರಿ ನರ ಹಾಳಾಗುವ ಗ್ಲಾಕೋಮಾ ಬಂದರೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಅಕ್ಷರದ ಬೋರ್ಡ್ ಓದಿಸಿದರೆ ಕಾಯಿಲೆಯ ಆರಂಭ ಗೊತ್ತಾಗದೇ ಹೋಗಬಹುದು. ಟೊಪೋಗ್ರಫಿ ಅಂತ ಒಂದು ಪರೀಕ್ಷೆ ಇದೆ, ಕಾರ್ನಿಯಾದ ನಕ್ಷೆ ತೆಗೆಯುವುದು. ನೋವಿಲ್ಲ, ಹೆಚ್ಚು ಹೊತ್ತೂ ಬೇಡ. ನಂಬರ್ ಪದೇ ಪದೇ ಬದಲಾಗುವ ಮಗುವಿಗೆ ಇದನ್ನು ಕೇಳಿ ಮಾಡಿಸಿ. ಕನ್ನಡಕ ಬಿಡಿಸಲು ಲೇಸಿಕ್ ಎಂಬ ಲೇಸರ್ ಆಪರೇಷನ್ ಮಾಡಿಸುವವರಿಗೂ ಇದು ಬೇಕೇ ಬೇಕು. ತೆಳ್ಳಗಿರುವ ಕಾರ್ನಿಯಾವನ್ನು ಲೇಸಿಕ್ ಇನ್ನಷ್ಟು ತೆಳ್ಳಗೆ ಮಾಡುತ್ತದೆ.

ಕಾಯಿಲೆ ಏರುತ್ತಿದ್ದರೆ ತಡೆಯಲು ಕ್ರಾಸ್‌ಲಿಂಕಿಂಗ್ ಇದೆ. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2003ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಹಳದಿಯಾಗುತ್ತದಲ್ಲ, ಆ ಹಳದಿಯೇ ರೈಬೋಫ್ಲೇವಿನ್. ಮೂಲ ವಿಧಾನದಲ್ಲಿ ಅರ್ಧ ಗಂಟೆ ಅದರ ಹನಿ, ಇನ್ನರ್ಧ ಗಂಟೆ ಅಲ್ಟ್ರಾವಯೊಲೆಟ್ ಬೆಳಕು. ನಾರುಗಳ ನಡುವೆ ಹೊಸ ಕೊಂಡಿ ಬೀಳುತ್ತದೆ. ಮೊದಲ ಕೆಲವು ದಿನ ನೋವು, ಉರಿ ಇರುತ್ತದೆ, ಮುಚ್ಚಿಡುವುದಿಲ್ಲ. ಇನ್ನೊಂದು ಮಾತು: ಇದು ಕಾಯಿಲೆಯನ್ನು ಇದ್ದಲ್ಲೇ ನಿಲ್ಲಿಸಲು ಮಾಡುವುದು, ಕನ್ನಡಕ ಬಿಡಿಸಲು ಅಲ್ಲ. ಅದಕ್ಕೇ ನಾನು ಆ ಒಂದು ವರ್ಷದ ಬಗ್ಗೆ ಇಷ್ಟು ಹೇಳಿದ್ದು.

ಕನ್ನಡಕದಲ್ಲಿ ಸರಿಯಾಗಿ ಕಾಣದವರಿಗೆ ಗಟ್ಟಿ ಲೆನ್ಸ್ ಇದೆ. ಲೆನ್ಸಿನ ಹಿಂದೆ ಕಣ್ಣೀರು ತುಂಬಿ ಏರುತಗ್ಗು ಮುಚ್ಚಿಕೊಳ್ಳುತ್ತದೆ. ಅಭ್ಯಾಸಕ್ಕೆ ಕೆಲವು ವಾರ ಬೇಕು, ಆಮೇಲೆ ಓದು, ಕೆಲಸ ಎಲ್ಲ ಸಲೀಸು.

ಕೊನೆಗೆ ಕಾರ್ನಿಯಾ ಕಸಿ, ಅಂದರೆ ದಾನಿಯ ಕಾರ್ನಿಯಾ ಜೋಡಿಸುವುದು, ಬೇಕಾಗುವವರು ಕೆಲವರು. ಅವರಲ್ಲೂ ಹೆಚ್ಚಿನವರಿಗೆ ಒಳಪದರ ಚೆನ್ನಾಗಿಯೇ ಇರುತ್ತದೆ, ಮುಂದಿನ ಪದರ ಬದಲಿಸಿದರೆ ಸಾಕಾಗಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾಗಿ ಬಂದ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಹೀಗೆಯೇ ಪದರ ಬಿಡಿಸಿದರು. ಮುಂದಿನ ಪದರ ಇಬ್ಬರಿಗೆ, ಒಳಪದರ ಇಬ್ಬರಿಗೆ. ಎರಡು ಕಣ್ಣು, ನಾಲ್ಕು ಜನ.

ಪ್ರಶ್ನೆ ಇದ್ದರೆ ಕೇಳಿ. ಎಲ್ಲರ ಮುಂದೆ ಬೇಡ ಅನಿಸಿದರೆ, ಮಗುವಿನ ಹಳೇ ಕನ್ನಡಕದ ಚೀಟಿಗಳನ್ನೆಲ್ಲ ತೆಗೆದುಕೊಂಡು ಆಮೇಲೆ ನನ್ನ ಹತ್ತಿರ ಬನ್ನಿ. ಒಟ್ಟಿಗೆ ಕೂತು ನೋಡೋಣ.