ಸಮಾಧಿಗಳ ನಡುವೆ ಉಳಿದ ಹೂಗಳು

ಕೇಳುಗರೇ, ನಮಸ್ಕಾರ.

ಇವತ್ತು ಒಂದು ಸ್ಮಶಾನದ ಹೂಗಳ ಬಗ್ಗೆ ಹೇಳಬೇಕು. ಜಾಗ ಬಹಳ ದೂರದ್ದು. ಅಮೆರಿಕದ ಅಯೋವಾ ರಾಜ್ಯದ ಪೂರ್ವಭಾಗದಲ್ಲಿ, ಸೀಡರ್ ನದಿಯ ಹತ್ತಿರ, ರೋಚೆಸ್ಟರ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಹಳೇ ಸ್ಮಶಾನ ಸುಮಾರು 13 ಎಕರೆ. ದೊಡ್ಡ ದೊಡ್ಡ ಓಕ್ ಮರಗಳು, ಸಮಾಧಿ ಕಲ್ಲುಗಳು, ಅವುಗಳ ನಡುವೆ ಹುಲ್ಲು. ಆ ಹುಲ್ಲಿನಲ್ಲಿ 400ಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ಆ ಸೀಮೆಯಲ್ಲಿ ಬೇರೆ ಎತ್ತ ನೋಡಿದರೂ ಮೆಕ್ಕೆಜೋಳ, ಸೋಯಾ, ಅಷ್ಟೇ.

ಹಿಂದೆ ಹೀಗಿರಲಿಲ್ಲ. ಅಯೋವಾದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೆಲ ಹುಲ್ಲುಗಾವಲೇ ಆಗಿತ್ತು. ಅದನ್ನು ಪ್ರೇರಿ ಅನ್ನುತ್ತಾರೆ. ಅಲ್ಲಿಯ ಕಪ್ಪು ಮಣ್ಣು ಅಂಟು ಮಣ್ಣು, ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಪಕ್ಕದ ಇಲಿನಾಯ್ ರಾಜ್ಯದಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ಗುಳ ಮಾಡಿದ. ಮಣ್ಣು ಅಂಟದೆ ಜಾರತೊಡಗಿತು. ಒಂದು ಜೀವಮಾನದೊಳಗೆ ಪ್ರೇರಿ ಹೊಲವಾಯಿತು. ಇವತ್ತು ಅಯೋವಾದಲ್ಲಿ, ಸಾವಿರ ಎಕರೆ ಪ್ರೇರಿ ಇದ್ದ ಕಡೆ ಒಂದು ಎಕರೆಯೂ ಉಳಿದಿಲ್ಲ.

ಉಳಿದದ್ದಾದರೂ ಎಲ್ಲಿ? ರೈಲು ಹಳಿಯ ಬದಿಯಲ್ಲಿ, ಕಲ್ಲು ದಿಣ್ಣೆಗಳಲ್ಲಿ, ಒಣಹುಲ್ಲಿಗೆಂದು ಬಿಟ್ಟ ತುಂಡು ನೆಲಗಳಲ್ಲಿ. ಮತ್ತೆ ಸ್ಮಶಾನಗಳಲ್ಲಿ. ಹೆತ್ತವರನ್ನು ಹೂತ ನೆಲಕ್ಕೆ ಯಾರು ನೇಗಿಲು ಇಳಿಸುತ್ತಾರೆ ಹೇಳಿ?

ಮೇ ತಿಂಗಳಲ್ಲಿ ರೋಚೆಸ್ಟರ್‌ನಲ್ಲಿ ಶೂಟಿಂಗ್ ಸ್ಟಾರ್ ಅರಳುತ್ತದೆ. ಬೀಳುವ ಚುಕ್ಕಿ ಅಂತ ಅರ್ಥ. ಗೇಣುದ್ದದ ಬರಿಯ ಕಾಂಡ, ತುದಿಯಲ್ಲಿ ತಲೆಕೆಳಗಾಗಿ ತೂಗುವ ಬಿಳಿ, ತಿಳಿಗುಲಾಬಿ ಹೂಗಳು. ಎಸಳುಗಳೆಲ್ಲ ಹಿಂದಕ್ಕೆ ಮಡಚಿಕೊಂಡು, ನಿಜಕ್ಕೂ ಆಕಾಶದಿಂದ ಧುಮುಕುತ್ತಿರುವಂತೆ ಕಾಣುತ್ತವೆ. ಇದರಲ್ಲಿ ಜೇನಿಲ್ಲ. ಪರಾಗ ಬೇಕಾದರೆ ದುಂಬಿ ಹೂವನ್ನು ಹಿಡಿದು ಜೋತು, ಮೈಯನ್ನು ಝುಂಯ್ ಅಂತ ನಡುಗಿಸಬೇಕು. ಆಗ ಪರಾಗ ಪುಡಿಯಾಗಿ ಉದುರುತ್ತದೆ. ನಮ್ಮ ಹಿತ್ತಲಿನ ಬದನೆ ಹೂವಿನಲ್ಲೂ ದುಂಬಿಗಳು ಇದೇ ಕೆಲಸ ಮಾಡುತ್ತವೆ, ಬೆಳಿಗ್ಗೆ ಹತ್ತಿರ ನಿಂತು ಕಿವಿಗೊಟ್ಟರೆ ಕೇಳಿಸುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಕಂಪಾಸ್ ಗಿಡ, ಅಂದರೆ ದಿಕ್ಸೂಚಿ ಗಿಡ. ಇದು ಸೂರ್ಯಕಾಂತಿಯ ನೆಂಟ. ನಮ್ಮ ಹೊಲಗಳ ಸೂರ್ಯಕಾಂತಿಯ ತವರೂ ಉತ್ತರ ಅಮೆರಿಕವೇ ಅಲ್ವಾ! ಕಂಪಾಸ್ ಗಿಡದ ಬುಡದ ಎಲೆಗಳು ನೆಟ್ಟಗೆ ನಿಂತು, ಅಂಚನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿಕೊಳ್ಳುತ್ತವೆ. ಬೆಳಗಿನ, ಸಂಜೆಯ ಬಿಸಿಲು ಎಲೆಯ ಮೈಗೆ ಬೀಳುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲು ತಪ್ಪುತ್ತದೆ, ನೀರು ಉಳಿಯುತ್ತದೆ. ಬೇರು ಹದಿನೈದು ಅಡಿಯವರೆಗೂ ಇಳಿಯಬಲ್ಲದು. ಬೀಜ ಬಿದ್ದ ಗಿಡ ಹೂ ಬಿಡಲು ವರ್ಷಗಳೇ ಬೇಕು.

ಹೀಗೆ ಜೀವವೆಲ್ಲ ನೆಲದಡಿ ಇರುವುದರಿಂದ ಬೆಂಕಿ ಬಿದ್ದರೂ ಇವು ಸಾಯುವುದಿಲ್ಲ. ಅಲ್ಲಿನ ಮೂಲನಿವಾಸಿಗಳು ಬೇಕೆಂದೇ ಹುಲ್ಲಿಗೆ ಬೆಂಕಿ ಇಡುತ್ತಿದ್ದರು. ಹೊಸ ಚಿಗುರಿಗೆ ಬೈಸನ್ ಎಂಬ ಅಲ್ಲಿನ ಕಾಡುದನಗಳು ಬರುತ್ತಿದ್ದವು. ಬೆಂಕಿ ನಿಂತರೆ ಪೊದೆ, ಮರ ನುಗ್ಗುತ್ತವೆ. ಅದಕ್ಕೇ ಈಗಲೂ ಪ್ರೇರಿ ಕಾಯುವವರು ವಸಂತದ ಮೊದಲಲ್ಲಿ ಎಚ್ಚರದಿಂದ ಸುಡುತ್ತಾರೆ.

ಸ್ಮಶಾನದಲ್ಲಿ ಇದು ಸುಲಭವಲ್ಲ. ತಾಯಿಯ ಸಮಾಧಿಯ ಮೇಲೆ ಹುಲ್ಲು ಬೆಳೆದರೆ ಮಗಳಿಗೆ ಸಂಕಟವಾಗುತ್ತದೆ. ಕತ್ತರಿಸಿ ಚೊಕ್ಕಟ ಮಾಡಿ ಅನ್ನುತ್ತಾಳೆ. ಅವಳ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಹೂ ಬೀಜವಾಗುವ ಮೊದಲೇ ವರ್ಷ ವರ್ಷವೂ ಯಂತ್ರ ಓಡಿದರೆ ಆ ಗಿಡ ಅಲ್ಲಿಂದ ಹೋದಂತೆಯೇ. ಹೋದದ್ದನ್ನು ತರುವುದು ಎಷ್ಟು ಕಷ್ಟ ಅಂತೀರಿ! ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1930ರ ದಶಕದಲ್ಲೇ ಹಳೇ ಹೊಲವೊಂದನ್ನು ಮತ್ತೆ ಪ್ರೇರಿ ಮಾಡಲು ಹೊರಟರು. ಆ ಕೆಲಸ ಇನ್ನೂ ನಡೆಯುತ್ತಲೇ ಇದೆ.

ಬೇಸಿಗೆ ಬಲಿಯುವಷ್ಟರಲ್ಲಿ ಶೂಟಿಂಗ್ ಸ್ಟಾರ್‌ನ ಎಲೆಯೂ ಒಣಗಿ ಹೋಗುತ್ತದೆ. ಆಗಸ್ಟಿನಲ್ಲಿ ಬಂದವರಿಗೆ ಅಲ್ಲಿ ಹೂವಿತ್ತು ಅನ್ನುವ ಗುರುತೂ ಸಿಗುವುದಿಲ್ಲ. ಬೇರು ಮಾತ್ರ ಸಮಾಧಿಗಳ ಪಕ್ಕದಲ್ಲೇ, ಮುಂದಿನ ಮೇ ತಿಂಗಳವರೆಗೆ, ಮಣ್ಣೊಳಗಿರುತ್ತದೆ.

ನಮಸ್ಕಾರ.