ಇದನ್ನು ಇನ್ನು ಯಾರು ಓದುತ್ತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನೊಬ್ಬ ಸಮಾಜ ಕಾರ್ಯಕರ್ತ.

ಆಪ್ತಸಮಾಲೋಚನೆಗೆ ಬಂದ ಹೆಂಗಸೊಬ್ಬರು ನನ್ನೆದುರು ಕುಳಿತು ನಮೂನೆ ತುಂಬುತ್ತಿದ್ದರು. ಹೆಸರು, ವಯಸ್ಸು ಸರಾಗವಾಗಿ ಸಾಗಿತು. ‘ಗಂಡನ ಹೆಸರು’ ಎಂಬಲ್ಲಿ ಪೆನ್ನು ತಡವರಿಸಿತು. ಒಂದು ಅಡ್ಡಗೆರೆ ಎಳೆದು ಕಾಗದವನ್ನು ನನ್ನತ್ತ ಸರಿಸಿದರು. ಒಂಟಿ ಹೆಂಗಸು ಎಂದುಕೊಂಡೆ. ಮೂರು ಭೇಟಿಗಳು ನಿದ್ರೆ, ಹಸಿವಿನ ಮಾತಿನಲ್ಲೇ ಕಳೆದವು. ಹನ್ನೊಂದು ವರ್ಷ ಜೊತೆಗೆ ಬಾಳಿದ ಸಂಗಾತಿಯನ್ನು ಅವರು ಕಳೆದುಕೊಂಡಿದ್ದರು, ಆ ಸಂಗಾತಿಯೂ ಹೆಣ್ಣು ಎಂಬುದು ತಿಳಿದದ್ದು ನಾಲ್ಕನೆಯ ಸಲ.

ಇಂಥ ಹಿಂಜರಿಕೆಗೆ ಕಾರಣವಿದೆ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಟ್ರಾನ್ಸ್‌ಜೆಂಡರ್ ಜನರ ಲಿಂಗತ್ವದ ಅನುಭವವನ್ನು ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟ ಅದೇ ಸಂಸ್ಥೆಯ ಹೊಸ ಪಟ್ಟಿ ಜಾರಿಗೆ ಬಂದದ್ದು 2022ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಅಷ್ಟು ಕಾಲ ನಮ್ಮ ಕಡತಗಳೂ ಅದೇ ಭಾಷೆಯನ್ನು ಆಡಿದವು.

ನಮೂನೆ ಬದಲಿಸಿದೆ. ‘ಸಂಗಾತಿ ಅಥವಾ ಹತ್ತಿರದವರು’ ಎಂದು ಬರೆದು, ‘ನಿಮ್ಮನ್ನು ಏನೆಂದು ಕರೆಯಲಿ?’ ಎಂಬ ಸಾಲನ್ನೂ ಸೇರಿಸಿದೆ. ಹೊಸ ಕಾಗದ ಕೊಟ್ಟಾಗ ಆ ಹೆಂಗಸು ಪೆನ್ನು ಹಿಡಿದೇ ಕೇಳಿದರು: “ಇದನ್ನು ಇನ್ನು ಯಾರು ಓದುತ್ತಾರೆ?” ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ. ಟ್ರಾನ್ಸ್ ಯುವಕನೊಬ್ಬ ತನಗೆ ಒಪ್ಪುವ ಹೆಸರನ್ನು ನಮ್ಮನ್ನು ನಂಬಿ ಹೇಳಿರುತ್ತಾನೆ. ಮನೆಯವರಿಗೆ ಅದು ಗೊತ್ತಿರುವುದಿಲ್ಲ. ನಮ್ಮ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಫೋನ್ ಮಾಡಿ ಆ ಹೆಸರಿನಲ್ಲಿ ವಿಚಾರಿಸಿದರೆ ಸಾಕು, ಅವನು ಅಂದು ರಾತ್ರಿಯೇ ಬೀದಿಗೆ ಬೀಳಬಹುದು. ಹಾಗಾಗಿ ಮೊದಲೇ ಕೇಳುತ್ತೇನೆ: ಫೋನಿನಲ್ಲಿ ಯಾವ ಹೆಸರು? ಪತ್ರ ಎಲ್ಲಿಗೆ? ಮನೆಭೇಟಿ ಬೇಕೇ, ಬೇಡವೇ? ಅಂತರರಾಷ್ಟ್ರೀಯ ಸಮಾಜ ಕಾರ್ಯಕರ್ತರ ಒಕ್ಕೂಟದ 2018ರ ನೀತಿ ತತ್ವಗಳು ಗೋಪ್ಯತೆಗೆ ಮಿತಿಯಿದೆ ಎನ್ನುತ್ತವೆ. ಯಾರಿಗಾದರೂ ಅಪಾಯವಿದ್ದಾಗ ಅದನ್ನು ಮುರಿಯಬೇಕಾಗುತ್ತದೆ. ಆ ಮಿತಿಯನ್ನೂ ಅವರು ಬಾಯಿ ಬಿಡುವ ಮೊದಲೇ ತಿಳಿಸುತ್ತೇನೆ.

ಕುಟುಂಬದೊಡನೆ ರಾಜಿ ಮಾಡಿಸುವ ಆತುರವೂ ನಮ್ಮಲ್ಲಿ ಹೆಚ್ಚು. ಹೊಡೆದು ಹೊರಗಟ್ಟಿದ ಮನೆಗೇ ಕರೆದೊಯ್ದು ಬಿಟ್ಟು ‘ಪ್ರಕರಣ ಮುಕ್ತಾಯ’ ಎಂದು ಬರೆದವರಲ್ಲಿ ನಾನೂ ಒಬ್ಬ.

ಇನ್ನೊಂದು ಕಡೆ ಅತಿ ಉತ್ಸಾಹ. ಪಿಂಚಣಿಗಾಗಿ ಬಂದ ಟ್ರಾನ್ಸ್ ಮಹಿಳೆಯನ್ನು ‘ಇದು ನಿಮಗೆ ಯಾವಾಗ ತಿಳಿಯಿತು?’ ಎಂದು ಕೇಳುತ್ತಾ ಅರ್ಧ ಗಂಟೆ ಕೂರಿಸುತ್ತೇವೆ. ಅವರ ಅರ್ಜಿ ಮೇಜಿನ ಮೇಲೆ ಹಾಗೆಯೇ ಇರುತ್ತದೆ.

ಆ ಹೆಂಗಸಿಗೆ, ಕಡತ ನೋಡುವವರು ನಾನು ಮತ್ತು ನನ್ನ ಮೇಲ್ವಿಚಾರಕರು ಎಂದು ವಿಚಾರಿಸಿಕೊಂಡು ಬಂದು ಹೇಳಿದೆ. ಸಂಗಾತಿಯ ಹೆಸರು ಬರೆದರು. ಮೇಲ್ವಿಚಾರಕರ ಹೆಸರೇನು ಎಂದು ಕೇಳಿ, ಅದನ್ನೂ ತಮ್ಮ ಚೀಟಿಯಲ್ಲಿ ಬರೆದುಕೊಂಡರು.